ಆಧಾರ್ ತೋರಿಸಿದರೆ ನೇಪಾಳಕ್ಕೆ ಹೋಗಬಹುದೇ? ರೋಯಿಂಗ್ ತಂಡದ ಮಕ್ಕಳ ಮಟ್ಟಿಗೆ ಇದು ಅರ್ಧಸತ್ಯ

"ನೇಪಾಳ, ಭೂತಾನಕ್ಕೆ ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು" ಎಂಬ ಸಂದೇಶ ನಿಮಗೂ ಬಂದಿರಬಹುದು. ಇದನ್ನು ನಂಬಿ ಯುವ ರೋಯಿಂಗ್ ತಂಡವನ್ನು ಕರೆದುಕೊಂಡು ಹೊರಟರೆ ಹುಟ್ಟು ಹಾಕಬೇಕಾದವರೇ ಗಡಿಯಲ್ಲಿ ಉಳಿದಾರು.

ಈ ಎರಡು ದೇಶಗಳಿಗೆ ಆಧಾರ್ ನಡೆಯುವುದು 15 ವರ್ಷದೊಳಗಿನ ಮತ್ತು 65 ದಾಟಿದ ಭಾರತೀಯರಿಗೆ ಮಾತ್ರ. ಉಳಿದವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಬೇಕು. 15ರಿಂದ 18ರೊಳಗಿನವರಿಗೆ ಮತದಾರರ ಚೀಟಿ ಎಲ್ಲಿಂದ ಬರಬೇಕು? ಪಾಸ್‌ಪೋರ್ಟ್ ಇಲ್ಲದಿದ್ದರೆ ಅವರಿಗೆ ಶಾಲೆಯ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪ್ರಮಾಣಪತ್ರ ಬೇಕು. ಜೂನಿಯರ್ ರೋಯಿಂಗ್ ಎಂದರೆ 19ರೊಳಗಿನವರ ಸ್ಪರ್ಧೆ. ಹಾಗಾಗಿ ಸಿಕ್ಕಿಬೀಳುವವರು ಹೆಚ್ಚಾಗಿ ಇವರೇ.

ಥಾಯ್ಲೆಂಡ್‌ನಂಥ ದೇಶಕ್ಕಾದರೆ ಪಾಸ್‌ಪೋರ್ಟ್ ಬೇಕೇ ಬೇಕು. ಅಬ್ಬೆತುಮಕೂರಿನ ಹದಿನೇಳೂವರೆ ವರ್ಷದ ಹುಡುಗಿಯೊಬ್ಬಳು ಆಯ್ಕೆಯಾದಳು ಎಂದುಕೊಳ್ಳಿ. ಅಪ್ರಾಪ್ತರ ಪಾಸ್‌ಪೋರ್ಟ್ ಅವಧಿ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. ಅವಳ ಪುಸ್ತಕ ಆರೇ ತಿಂಗಳಿಗೆ ಮುಗಿಯುತ್ತದೆ. ಹಲವು ದೇಶಗಳು ಒಳಬಿಡುವಾಗ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. 15 ದಾಟಿದವರು ಅರ್ಜಿಯಲ್ಲೇ 10 ವರ್ಷದ ಅವಧಿ ಆಯ್ದುಕೊಳ್ಳಬಹುದು, ಶುಲ್ಕ ಸ್ವಲ್ಪ ಹೆಚ್ಚು. ನಿಜವಾಗಿ ಫಾರ್ವರ್ಡ್ ಮಾಡಬೇಕಾದ ಮಾಹಿತಿ ಇದು.

ಇನ್ನು ದೋಣಿ. ನಮ್ಮ ಕೃಷ್ಣೆಯ ಹರಿಗೋಲಿನಂತೆ ತಲೆಯ ಮೇಲೆ ಹೊತ್ತು ನಡೆಯುವಂಥದ್ದಲ್ಲ. ಎಂಟು ಜನ ಹುಟ್ಟು ಹಾಕುವ ದೋಣಿ ಸುಮಾರು 17 ಮೀಟರ್ ಉದ್ದ, ಕನಿಷ್ಠ 96 ಕಿಲೋ ತೂಕ. ಅದಕ್ಕೇ ದೂರದ ತಂಡಗಳು ಸ್ಪರ್ಧೆಯ ಊರಲ್ಲೇ ದೋಣಿ ಬಾಡಿಗೆಗೆ ಪಡೆಯುವುದುಂಟು. ಹುಟ್ಟುಗಳನ್ನು ಒಯ್ಯುವುದಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಸಂಸ್ಥೆಗೆ ಅವುಗಳ ಉದ್ದ ತಿಳಿಸಿ, ಒಪ್ಪಿಗೆ ಬರಹದಲ್ಲಿ ಪಡೆಯಿರಿ.