ನಮ್ಮೂರ ಹಿಸ್ಟರಿ, ಭಾಗ 6: ಒಡವೆ ವಾಪಸ್ ಕಳಿಸಿದ ರಾಣಿ

ಬ್ರೇಕಪ್ ಆದ್ಮೇಲೆ ಗಿಫ್ಟ್ ವಾಪಸ್ ಕೊಡ್ಬೇಕಾ, ಇಟ್ಕೊಳ್ಬೇಕಾ?

ಹೋದ ವಾರ ಕಲ್ಲಡ್ಕದಲ್ಲಿ ಕೆ.ಟಿ. ಕುಡಿಯಲು ಕೂತಿದ್ದಾಗ ಕ್ಲಾಸಿನ ಒಬ್ಬಳು ಕೇಳಿದ್ಲು. ಕೇಳುವಾಗ ನಗಾಡ್ತಾನೇ ಇದ್ಲು, ಆದ್ರೆ ಗ್ಲಾಸಿನಲ್ಲಿ ಹಾಲು, ಡಿಕಾಕ್ಷನ್ ಎಲ್ಲ ಬೆರೆತು ಒಂದಾದ್ರೂ ಒಂದು ಗುಟುಕು ಕುಡೀಲಿಲ್ಲ. ನನಗೆ ಉತ್ತರ ಹೊಳೀಲಿಲ್ಲ. (ನನ್ನ ಕಪಾಟಿನಲ್ಲೂ ಒಂದು ವಾಚ್ ಉಂಟು. ಅದು ಬಿಡಿ.) ಮನೆಗೆ ಬಂದ ಮೇಲೆ ನೆನಪಾಯ್ತು, ನಾನೂರು ವರ್ಷ ಹಿಂದೆ ನಮ್ಮ ಕಡೆಯ ಒಬ್ಬಳು ರಾಣಿ ಇದಕ್ಕೆ ಉತ್ತರ ಕೊಟ್ಟಿದ್ದಾಳೆ.

ಉಳ್ಳಾಲದ ಅಬ್ಬಕ್ಕ. ಈ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು. ನಾನು ಹೇಳುವುದು 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ಡೆಲ್ಲಾ ವಾಲೆ ಕಂಡು ಬರೆದಿಟ್ಟ ರಾಣಿಯ ಕತೆ. ಅವಳು ಚೌಟರ ಮನೆಯವಳು. ಮೂಡಬಿದ್ರೆಯಲ್ಲಿ ಅವರ ಅರಮನೆ ಈಗಲೂ ಉಂಟು. ಗಂಡ ಬಂಗರಸ. ಬಂಗರು ಅಂದ್ರೆ ಬೆಳ್ತಂಗಡಿ ಕಡೆಯ ಬಂಗಾಡಿ, ನಮ್ಮ ಹತ್ತಿರದ ನಂದಾವರ, ಅಲ್ಲೆಲ್ಲ ಆಳಿದವರು. ಮದುವೆಯಾದರೂ ಇಬ್ಬರೂ ಅವರವರ ರಾಜ್ಯದಲ್ಲೇ ಇದ್ದರು. ಅಳಿಯಸಂತಾನ ಅಲ್ವಾ, ಹೆಣ್ಣಿಗೆ ತಾಯಿಮನೆಯೇ ಮನೆ. ಸಂಬಂಧ ಮುರಿದಾಗ ಎಲ್ಲಿಗೆ ಹೋಗುವುದು ಅನ್ನುವ ಚಿಂತೆ ಅವಳಿಗಿರಲಿಲ್ಲ. ಅವನು ಕೊಟ್ಟ ಒಡವೆಯನ್ನೆಲ್ಲ ವಾಪಸ್ ಕಳಿಸಿದಳು. ಇನ್ನು ನಾನು ನಿನ್ನ ಹೆಂಡತಿಯಲ್ಲ ಅಂತ ಅರ್ಥ.

ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ಇಲ್ಲ ಮಾರಾಯ್ರೆ. ಅವನಿಗೆ ಅವಮಾನ ಆಯ್ತು. ದೋಣಿಯಲ್ಲಿ ಹೋಗ್ತಿದ್ದವಳನ್ನು ಹೊಳೆಯಲ್ಲೇ ಹಿಡಿಸಿ ಸೆರೆಯಲ್ಲಿಟ್ಟ. ಅವಳು ಬಿಡಿಸಿಕೊಂಡು ಬಂದು ಯುದ್ಧಕ್ಕೇ ನಿಂತಳು. ಅವನ ಹಿಂದೆ ಪೋರ್ಚುಗೀಸರು, ಇವಳ ಹಿಂದೆ ಕೆಳದಿಯ ವೆಂಕಟಪ್ಪ ನಾಯಕ. ಗೆದ್ದದ್ದು ಇವಳ ಕಡೆ. ಬೇಡ ಅಂದದ್ದು ಕಿವಿಗೆ ಬೀಳದವರು ಆಗಲೂ ಇದ್ರು ನೋಡಿ.

ಇನ್ನು ಈ ಕತೆ ಬರೆದವನ ಕತೆ. ಊರಲ್ಲಿ ಪ್ರೀತಿಸಿದವಳು ಸಿಗದೆ ಡೆಲ್ಲಾ ವಾಲೆ 1614ರಲ್ಲಿ ವೆನಿಸ್‌ನಲ್ಲಿ ಹಡಗು ಹತ್ತಿದ. ಬಾಗ್ದಾದ್‌ನಲ್ಲಿ ಮಾನಿ ಎಂಬವಳನ್ನು ಮದುವೆಯಾದ. 1621ರ ಕೊನೆಗೆ ಪರ್ಷಿಯಾದಲ್ಲಿ ಅವಳೂ ತೀರಿಹೋದಳು. ಅವಳ ಹೆಣವನ್ನು ಕೆಡದ ಹಾಗೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಇಂಡಿಯಾಕ್ಕೂ ತಂದ. 1626ರಲ್ಲಿ ರೋಮ್ ಮುಟ್ಟಿದ ಮೇಲೆಯೇ ಸಮಾಧಿ.

ಎಲ್ಲ ವಾಪಸ್ ಕೊಟ್ಟವಳು ಒಬ್ಬಳು, ಏನನ್ನೂ ಬಿಡಲಾಗದವನು ಒಬ್ಬ. ಇಬ್ಬರೂ ನಮ್ಮ ಮಣ್ಣಲ್ಲೇ ಎದುರುಬದುರು ನಿಂತು ಮಾತಾಡಿದ್ದಾರೆ! ಮನಸ್ಸಿಗೆ ಏನಾದರೂ ನೋವಾಗಿ ಹೀಗೆ ಊರು ಬಿಟ್ಟು ತಿರುಗ್ತಿದ್ದೀಯಾ ಅಂತ ಅವಳು ಕೇಳಿದ್ದಾಳೆ. ಅವನು ಮೊದಲ ಪ್ರೀತಿಯ ವಿಷಯ ಮುಚ್ಚಿಟ್ಟ. ಕೇಳಿದವಳಿಗೆ ಗೊತ್ತಾಗದೆ ಇದ್ದೀತಾ?

ಅವನು ಹೋದಾಗ ಅವಳು ಬರಿಗಾಲಲ್ಲಿ, ತಾಳೆಗರಿಯ ಕೊಡೆಯಡಿ ನಿಂತು, ನೀರು ಹರಿಸಲು ಕಣಿ ತೋಡಿಸ್ತಾ ಇದ್ದಳಂತೆ. ನೋಡಿದರೆ ಅಡುಗೆಮನೆ ಕೆಲಸದವಳ ಹಾಗೆ ಅಂತ ಬರೆದಿದ್ದಾನೆ. (ಕಣಿ ತೋಡಿಸುವಾಗ ಯಾರು ಪಟ್ಟೆ ಸೀರೆ ಉಡ್ತಾರೆ?)

ಟೀ ಕುಡಿಯದವಳೇ, ವಾಚ್ ನಾನಿನ್ನೂ ಕೊಟ್ಟಿಲ್ಲ. ಬಿ.ಸಿ. ರೋಡಿನಲ್ಲಿ ಅಬ್ಬಕ್ಕನ ಹೆಸರಿನ ತುಳು ಅಧ್ಯಯನ ಕೇಂದ್ರ ಉಂಟಲ್ಲ, ಶನಿವಾರ ಅಲ್ಲಿಗೆ ಹೋಗುವ. ಬರ್ತೀಯಾ?