ಹುನಗುಂದ, ಬಾಗಲಕೋಟೆ: ಎರಡು ಕ್ಷೇತ್ರಗಳು, 1962

1962ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷಕ್ಕೆ ಬಹುಮತ ದೊರೆತರೂ ಅದರ ನಾಯಕರಾದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪರಾಜಿತರಾಗಲು, ಬಾದಾಮಿ ತಾಲೂಕಿನ ಕೆರೂರಿನಲ್ಲಿ ಜನಿಸಿ, ಹುನಗುಂದದಿಂದ ಆಯ್ಕೆಯಾಗಿ, ಅದಾಗಲೇ ವಿಧಾನಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದ ಎಸ್. ಆರ್. ಕಂಠಿಯವರು ಮಾರ್ಚ್ 14ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಶಾಸಕಾಂಗದ ಸದಸ್ಯನಲ್ಲದವನು ಆರು ತಿಂಗಳಿಗೆ ಮೀರಿ ಮಂತ್ರಿಪದದಲ್ಲಿ ಇರಲಾಗದೆಂಬುದು ಸಂವಿಧಾನದ 164ನೆಯ ವಿಧಿಯ ಕಟ್ಟಳೆ. ಆದುದರಿಂದ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿ ಮುಂದುವರಿಯಬೇಕಾದರೆ ಶಾಸಕಾಂಗಕ್ಕೆ ಆಯ್ಕೆಯಾಗಲೇಬೇಕಿತ್ತು. ಬಾಗಲಕೋಟೆಯ ಶಾಸಕರಾದ ಬಿ. ಟಿ. ಮುರನಾಳರು ಸ್ಥಾನವನ್ನು ತೆರವು ಮಾಡಿಕೊಡಲು, ನಿಜಲಿಂಗಪ್ಪನವರು ಅಲ್ಲಿಂದ ಆಯ್ಕೆಗೊಂಡರು. ಜೂನ್ ತಿಂಗಳಲ್ಲಿ ಕಂಠಿಯವರು ಮುಖ್ಯಮಂತ್ರಿ ಪದವಿಯನ್ನು ಅವರಿಗೆ ಬಿಟ್ಟುಕೊಟ್ಟು, ಅವರದೇ ಸಂಪುಟದಲ್ಲಿ ಶಿಕ್ಷಣಮಂತ್ರಿಗಳಾಗಿ ದುಡಿದರು. ಇಂತಹ ನಿರ್ಮೋಹ ವಿರಳವೇ ಸರಿ. 1963ರಲ್ಲಿ ವಿಜಾಪುರದ ಸೈನಿಕ ಶಾಲೆ ಆರಂಭವಾದುದು ಕಂಠಿಯವರು ಶಿಕ್ಷಣಮಂತ್ರಿಗಳಾಗಿದ್ದ ಅವಧಿಯಲ್ಲಿಯೇ.