ಅಕ್ಷಿಪಟಲದ ರಕ್ತನಾಳಗಳು ಮತ್ತು ಹೃದಯಾರೋಗ್ಯ: ಇತಿಹಾಸ

ಕಣ್ಣಿನ ಹಿಂಬದಿಯ ಒಳಪದರವಾದ ಅಕ್ಷಿಪಟಲದಲ್ಲಿ ರಕ್ತನಾಳಗಳನ್ನು ಚರ್ಮ ಕೊಯ್ಯದೆ ಕಣ್ಣಾರೆ ಕಾಣಬಹುದು. ಬಿಪಿ, ಪಾರ್ಶ್ವವಾಯು, ಹೃದ್ರೋಗಗಳ ಸುಳಿವನ್ನು ಅಲ್ಲಿ ಹುಡುಕುವ ಪದ್ಧತಿ ಬೆಳೆದದ್ದು ಕಣ್ಣಿನೊಳಗೆ ನೋಡುವ ಉಪಕರಣವಾದ ನೇತ್ರದರ್ಶಕ ಬಂದ ಮೇಲೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದರ ವಿವರವನ್ನು 1851ರಲ್ಲಿ ಪ್ರಕಟಿಸಿದರು. ಗಣಕಯಂತ್ರದ ಕಲ್ಪನೆಗೆ ಹೆಸರಾದ ಚಾರ್ಲ್ಸ್ ಬ್ಯಾಬೇಜ್ 1847ರಲ್ಲೇ ಅಂಥದೊಂದನ್ನು ಮಾಡಿದ್ದರು. ಆದರೆ ಅದನ್ನು ನೋಡಿದ್ದ ವೈದ್ಯ ವಾರ್ಟನ್ ಜೋನ್ಸ್ ಆ ವಿಷಯ ಬರೆದದ್ದು 1854ರಲ್ಲಿ. ಅಷ್ಟರಲ್ಲಿ ಕೀರ್ತಿ ಕೈತಪ್ಪಿತ್ತು.

ಲಂಡನ್ನಿನ ನೇತ್ರವೈದ್ಯ ಮಾರ್ಕಸ್ ಗನ್ 1892 ಮತ್ತು 1898ರಲ್ಲಿ ಮಂಡಿಸಿದ ಟಿಪ್ಪಣಿಗಳು ಈ ಚರಿತ್ರೆಯ ದೊಡ್ಡ ತಿರುವು. ಅಪಧಮನಿಯೂ ಅಭಿಧಮನಿಯೂ ಅಡ್ಡ ಹಾಯುವ ಕಡೆ ಎರಡಕ್ಕೂ ಒಂದೇ ಹೊರಕವಚ. ಗನ್ ಗುರುತಿಸಿದಂತೆ, ಗಡುಸಾದ ಅಪಧಮನಿ ಕೆಳಗಿನ ತೆಳು ಅಭಿಧಮನಿಯನ್ನು ಅದುಮಿದಾಗ, ಅದು ಎರಡೂ ಬದಿಯಲ್ಲಿ ಕತ್ತರಿಸಿದಂತೆ ಮಾಯವಾಗುತ್ತದೆ. ಅಪಧಮನಿಯ ಹೊಳಪು ಮೊದಲು ತಾಮ್ರದ ತಂತಿಯಂತೆ, ಆಮೇಲೆ ಬೆಳ್ಳಿಯ ತಂತಿಯಂತೆ ಕಾಣುತ್ತದೆ. ರೀವಾ-ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಉಪಕರಣ ತಂದದ್ದು 1896ರಲ್ಲಿ. ಅಂದರೆ ಗನ್ ತಮ್ಮ ಮೊದಲ ಟಿಪ್ಪಣಿಯನ್ನು ಅದಕ್ಕೂ ಮುಂಚೆಯೇ ಬರೆದಿದ್ದರು.

1939ರಲ್ಲಿ ಮೇಯೋ ಕ್ಲಿನಿಕ್‌ನ ಕೀತ್, ವ್ಯಾಗನರ್, ಬಾರ್ಕರ್ 219 ಬಿಪಿ ರೋಗಿಗಳನ್ನು ಅಕ್ಷಿಪಟಲದ ಬದಲಾವಣೆಗಳ ತೀವ್ರತೆ ನೋಡಿ ನಾಲ್ಕು ಗುಂಪು ಮಾಡಿದರು. ಮೂರು ವರ್ಷದ ನಂತರ ಮೊದಲ ಗುಂಪಿನಲ್ಲಿ ಶೇ. 70 ಮಂದಿ ಬದುಕಿದ್ದರೆ, ನಾಲ್ಕನೆಯದರಲ್ಲಿ ಉಳಿದವರು ಶೇ. 6 ಮಾತ್ರ. ಪರಿಣಾಮಕಾರಿ ಬಿಪಿ ಮಾತ್ರೆಗಳಿಲ್ಲದ ಕಾಲದ ಈ ಅಂಕಿಯನ್ನು ಪಠ್ಯಪುಸ್ತಕಗಳು ಬಹುಕಾಲ ಹೊತ್ತು ತಿರುಗಿದವು. ಆದರೆ ಆ ವರ್ಗೀಕರಣದ ಮೊದಲೆರಡು ಹಂತಗಳನ್ನು ಬೇರ್ಪಡಿಸುವುದರಲ್ಲಿ ವೈದ್ಯರಲ್ಲೇ ಒಮ್ಮತವಿರಲಿಲ್ಲ. ಸಂಶೋಧಕರಾದ ವಾಂಗ್ ಮತ್ತು ಮಿಚೆಲ್ 2004ರಲ್ಲಿ ಮೂರೇ ಹಂತಗಳ ಸರಳ ವರ್ಗೀಕರಣ ಸೂಚಿಸಿದರು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಒಂದು ಸಮೀಕ್ಷೆ, ಬಿಪಿಯಿರುವ ಎಲ್ಲರ ಕಣ್ಣು ನೋಡುವ ವಾಡಿಕೆಯಿಂದ ಹೆಚ್ಚಿನ ಪ್ರಯೋಜನವಿದೆಯೇ ಎಂದೇ ಕೇಳಿತು.

ಹೆಚ್ಚಿನ ಗೊಂದಲ ಅಳತೆಯಲ್ಲಿತ್ತು. 1990ರ ದಶಕದಲ್ಲಿ ಅಮೆರಿಕದ ಆರಿಕ್ ಎಂಬ ಹೃದ್ರೋಗ ಅಧ್ಯಯನ, ದೃಷ್ಟಿನರ ಕಣ್ಣಿನಿಂದ ಹೊರಡುವ ಬಿಂಬದ ಸುತ್ತಲಿನ ನಾಳಗಳ ಅಗಲವನ್ನು ಕಂಪ್ಯೂಟರಿನಿಂದ ಅಳೆದು, ಅಪಧಮನಿ–ಅಭಿಧಮನಿ ಅನುಪಾತ ತೆಗೆಯಿತು. ಅನುಪಾತ ಕಡಿಮೆಯಾದರೆ ಅಪಧಮನಿ ಕಿರಿದಾಗಿದೆ ಎಂದು ಓದಿಕೊಳ್ಳುವುದು ರೂಢಿಯಾಯಿತು. ಅದೇ ಅಧ್ಯಯನದ 2002ರ ವರದಿಯಲ್ಲಿ ಕಡಿಮೆ ಅನುಪಾತಕ್ಕೂ ಹೃದ್ರೋಗಕ್ಕೂ ನಂಟು ಕಂಡದ್ದು ಹೆಂಗಸರಲ್ಲಿ, ಗಂಡಸರಲ್ಲಿ ಅಲ್ಲ. ಆದರೆ ಭಾಗಾಕಾರದಲ್ಲಿ ಛೇದ, ಅಂದರೆ ಅಭಿಧಮನಿ, ಹಿಗ್ಗಿದರೂ ಭಾಗಲಬ್ಧ ಇಳಿಯುತ್ತದಲ್ಲ! ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನ ಎರಡು ಬಗೆಯ ನಾಳಗಳನ್ನೂ ಬೇರೆಬೇರೆಯಾಗಿ ಅಳೆದಾಗ, 2006ರಲ್ಲಿ ಹಿಗ್ಗಿದ ಅಭಿಧಮನಿಗಳಿಗೂ ಪಾರ್ಶ್ವವಾಯುವಿಗೂ ನಂಟು ಕಂಡುಬಂತು. ಅದಕ್ಕೂ ಮುಂಚೆ ಅಭಿಧಮನಿ ಬಹುಮಟ್ಟಿಗೆ ಹೋಲಿಕೆಯ ಅಳತೆಗೋಲಾಗಿತ್ತು.

2018ರಲ್ಲಿ ಗೂಗಲ್‌ನ ಸಂಶೋಧಕರು 2,84,335 ಜನರ ಕಣ್ಣಿನ ಚಿತ್ರಗಳಿಂದ ತರಬೇತಿ ಪಡೆದ ಯಂತ್ರಕಲಿಕೆ ಮಾದರಿಯೊಂದನ್ನು ಪ್ರಕಟಿಸಿದರು. ಅದು ವಯಸ್ಸನ್ನು ಸರಾಸರಿ 3.26 ವರ್ಷದ ವ್ಯತ್ಯಾಸದಲ್ಲಿ ಹೇಳಿತು. ಲಿಂಗವನ್ನಂತೂ ಬಹುಮಟ್ಟಿಗೆ ಸರಿಯಾಗಿ ಗುರುತಿಸಿತು. ಹೃದಯಾಘಾತದಂಥ ದೊಡ್ಡ ಅವಘಡಗಳನ್ನು ಮುನ್ನುಡಿಯುವುದರಲ್ಲಿ ಅದರ ನಿಖರತೆಯ ಅಂಕ (ಎಯುಸಿ) 0.70. ಬಿಪಿ, ಧೂಮಪಾನಗಳನ್ನೆಲ್ಲ ಲೆಕ್ಕ ಹಾಕುವ ಯುರೋಪಿನ ಹಳೆಯ ಸ್ಕೋರ್ ಪದ್ಧತಿಯದು 0.72. ಬಿಪಿಯನ್ನು ಊಹಿಸುವಾಗ ಯಂತ್ರ ಹೆಚ್ಚಾಗಿ ಕಣ್ಣಿಟ್ಟದ್ದು ರಕ್ತನಾಳಗಳ ಮೇಲೆ.